ಪೊಟ್ಟಣದ ಮೇಲಿನ ಎತ್ತರ, ಲೋಟದೊಳಗಿನ ರುಚಿ

ಮುಂಬಯಿಯಲ್ಲಿ ಕಾಫಿಯನ್ನು ಈಗ ಎರಡು ಬಗೆಯಲ್ಲಿ ಗುರುತಿಸಿ ಮಾರುತ್ತಾರೆ. ಮಾಟುಂಗಾದ ಹಳೆಯ ಪುಡಿ ಅಂಗಡಿಗಳಲ್ಲಿ ಡಬ್ಬಗಳ ಮೇಲೆ ‘ಪ್ಲಾಂಟೇಶನ್ ಎ’, ‘ಪೀಬರಿ’, ‘ರೊಬಸ್ಟಾ ಚೆರ್ರಿ’ ಎಂದು ದರ್ಜೆಯ ಹೆಸರನ್ನಷ್ಟೇ ಬರೆದಿರುತ್ತದೆ. ಯಾವುದನ್ನು ಎಷ್ಟು ಬೆರೆಸಬೇಕು, ಚಿಕೋರಿ ಇರಬೇಕೇ ಬೇಡವೇ ಎಂಬುದು ಮನೆಮನೆಗೂ ಬೇರೆಯಾದರೂ ಅಂಗಡಿಯವರಿಗೆ ಅದೆಲ್ಲ ಬಾಯಿಪಾಠ. ಬಾಂದ್ರಾ, ಲೋವರ್ ಪರೇಲ್ ಕಡೆಯ ಹೊಸ ಅಂಗಡಿಗಳಲ್ಲಾದರೆ ಪೊಟ್ಟಣದ ಮೇಲೆ ತೋಟದ ಹೆಸರು, ತಳಿಯ ಹೆಸರು, ಸಂಸ್ಕರಣೆಯ ವಿಧಾನ, ಇವುಗಳ ಜೊತೆಗೆ ‘ಸಮುದ್ರಮಟ್ಟದಿಂದ 1,300 ಮೀಟರ್’ ಎಂಬಂಥ ಒಂದು ಸಂಖ್ಯೆಯೂ ಅಚ್ಚಾಗಿರುತ್ತದೆ. ಗಿರಾಕಿಗಳು ಆ ಸಂಖ್ಯೆಯನ್ನು ಪರೀಕ್ಷೆಯ ಅಂಕದಂತೆ ಓದುತ್ತಾರೆ: 1,300ಕ್ಕಿಂತ 1,500 ಮೇಲು, 1,000 ಎಂದರೆ ಸಾಧಾರಣ. ಎತ್ತರಕ್ಕೂ ರುಚಿಗೂ ಸಂಬಂಧವಿರುವುದು ನಿಜವೇ ಆದರೂ ಆ ಸಂಬಂಧ ಅಷ್ಟು ನೇರವಾದದ್ದಲ್ಲ. ಅವೆರಡರ ನಡುವೆ ರಾತ್ರಿಯ ಚಳಿ, ಮಳೆ ಬೀಳುವ ತಿಂಗಳು, ಮರದ ನೆರಳು, ಹಣ್ಣು ಒಣಗುವ ಬಿಸಿಲು ಇವೆಲ್ಲ ಇವೆ. ಇವನ್ನು ಬಿಟ್ಟು ಬರಿಯ ಮೀಟರಿನ ಲೆಕ್ಕ ಹಿಡಿದರೆ ಲೋಟದಲ್ಲಿರುವ ಕಾಫಿಯ ಬಗ್ಗೆ ಹೆಚ್ಚೇನೂ ತಿಳಿಯುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಅದನ್ನು ಇಲ್ಲಿ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ನನ್ನ ತಾಯಿಯ ತವರು ಮೂಡಿಗೆರೆ ತಾಲ್ಲೂಕಿನಲ್ಲಿದೆ. ಸೋದರಮಾವನ ತೋಟ ದೊಡ್ಡದೇನಲ್ಲ, ಆದರೆ ಒಂದೇ ಇಳಿಜಾರಿನಲ್ಲಿ ಹಳ್ಳದ ಅಂಚಿನಿಂದ ಗುಡ್ಡದ ನೆತ್ತಿಯವರೆಗೆ ಹಬ್ಬಿಕೊಂಡಿದೆ. ಕೆಳಗಿನ ತುಂಡಿಗೂ ಮೇಲಿನ ತುಂಡಿಗೂ ಇನ್ನೂರು ಮೀಟರಿನ ಆಸುಪಾಸು ವ್ಯತ್ಯಾಸ. ಎರಡರಲ್ಲಿಯೂ ಬಹುಕಾಲ ಇದ್ದದ್ದು ಎಸ್. 795 ಎಂಬ ಒಂದೇ ಅರೇಬಿಕಾ ತಳಿ. ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯಲ್ಲಿ ರೂಪುಗೊಂಡು 1940ರ ದಶಕದಲ್ಲಿ ಬೆಳೆಗಾರರ ಕೈಗೆ ಬಂದ ಈ ತಳಿಯನ್ನು ಮಲೆನಾಡಿನ ಹಿರಿಯ ಬೆಳೆಗಾರರು ಇಂದಿಗೂ ರುಚಿಯ ವಿಷಯದಲ್ಲಿ ಬಿಟ್ಟುಕೊಡುವುದಿಲ್ಲ. ಅದೇ ತಳಿ, ಅದೇ ಗೊಬ್ಬರ, ಕೊಯ್ಯುವವರೂ ಅದೇ ಜನ. ಆದರೂ ಕೆಳಗೆ ಗೊಂಚಲುಗಳು ಕೆಂಪಾಗಿ ಕೊಯ್ಲು ಮುಗಿಯುತ್ತ ಬಂದಿರುವಾಗ ಮೇಲಿನ ಗಿಡಗಳಲ್ಲಿ ಅರ್ಧಕ್ಕರ್ಧ ಇನ್ನೂ ಹಸಿರು ಕಾಯಿ. “ಮೇಲಿನ ತುಂಡಿಗೆ ಆತುರ ಅನ್ನೋದೇ ಇಲ್ಲ ಕಣೇ. ಆಳು ಸಿಕ್ಕಿದಾಗ ಅದು ಹಣ್ಣಾಗಿರಲ್ಲ, ಅದು ಹಣ್ಣಾದಾಗ ಆಳು ಸಿಗಲ್ಲ” ಎಂದು ಮಾವ ಪ್ರತಿ ಡಿಸೆಂಬರ್‌ನಲ್ಲಿಯೂ ಗೊಣಗುತ್ತಾರೆ.

ಎರಡೂ ಕಡೆಯ ಮಾಗಿದ ಹಣ್ಣುಗಳನ್ನು ಕಿತ್ತು ಹೆಬ್ಬೆರಳಿನಿಂದ ಹಿಚುಕಿ ನೋಡಿದರೆ ವ್ಯತ್ಯಾಸ ಕೈಗೇ ಸಿಗುತ್ತದೆ. ಸಿಪ್ಪೆ ಬಿರಿದು ಲೋಳೆ ಹಚ್ಚಿಕೊಂಡ ಎರಡು ಬೀಜಗಳು ಜಾರಿ ಹೊರಬರುತ್ತವೆ. ಮೇಲಿನ ಹಣ್ಣಿನ ಲೋಳೆ ಗಟ್ಟಿಯಾಗಿ ಬೆರಳಿಗೆ ಅಂಟುತ್ತದೆ, ನಾಲಗೆಗೆ ಹೆಚ್ಚು ಸಿಹಿ. ಕೆಳಗಿನದು ನೀರು ನೀರು. ಒಣಗಿಸಿ, ಬೀಜಕ್ಕೆ ಅಂಟಿದ ಪಾರ್ಚ್‌ಮೆಂಟ್ ಎಂಬ ಒಳಸಿಪ್ಪೆ ಬಿಡಿಸಿದ ಮೇಲೆ ಹಸಿ ಬೀಜವನ್ನು ಬೆಳಕಿಗೆ ಹಿಡಿದು ನೋಡಿದರೆ ಇನ್ನೊಂದು ಗುರುತು ಕಾಣಿಸುತ್ತದೆ. ಮೇಲಿನ ತುಂಡಿನ ಬೀಜ ನೀಲಿ ಮಿಶ್ರಿತ ಹಸಿರು. ಅದರ ನಡುವಿನ ಸೀಳು ಬಿಗಿಯಾಗಿ ಮುಚ್ಚಿಕೊಂಡು ಸೊಟ್ಟಸೊಟ್ಟಾಗಿ ಹರಿದಿರುತ್ತದೆ. ಕೆಳಗಿನದರ ಸೀಳು ನೇರ, ಸ್ವಲ್ಪ ತೆರೆದುಕೊಂಡ ಹಾಗಿರುತ್ತದೆ. ತೂಕದಲ್ಲಿಯೂ ಮೇಲಿನ ಬೀಜವೇ ಗಟ್ಟಿ. ಗ್ವಾಟೆಮಾಲಾ, ಕೋಸ್ಟರಿಕಾ ಮುಂತಾದ ಮಧ್ಯ ಅಮೆರಿಕದ ದೇಶಗಳಲ್ಲಿ ಈ ಗಟ್ಟಿತನದ ಮೇಲೆಯೇ ಕಾಫಿಯ ದರ್ಜೆಗಳನ್ನು ಹೆಸರಿಸಿದ್ದಾರೆ. ಅಲ್ಲಿ ಅತಿ ಎತ್ತರದ ಕಾಫಿಯ ಹೆಸರೇ ‘ಸ್ಟ್ರಿಕ್ಟ್ಲಿ ಹಾರ್ಡ್ ಬೀನ್’.

ಇದಕ್ಕೆ ಕಾರಣ ಎತ್ತರದ ತೆಳುಗಾಳಿ ಎಂದು ಹೇಳುವವರಿದ್ದಾರೆ. ಅಸಲು ಕಾರಣ ತಂಪು. ಮೇಲೇರಿದಂತೆ ಪ್ರತಿ ನೂರು ಮೀಟರಿಗೆ ಗಾಳಿಯ ತಾಪಮಾನ ಸುಮಾರು 0.6 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಮಾವನ ತೋಟದ ಇನ್ನೂರು ಮೀಟರಿಗೆ ಒಂದು ಡಿಗ್ರಿಗಿಂತ ಸ್ವಲ್ಪ ಹೆಚ್ಚು. ಕೇಳಲು ಇದು ಏನೂ ಅಲ್ಲ ಎನಿಸಬಹುದು, ಆದರೆ ಅರೇಬಿಕಾ ಕಾಯಿ ಹೂವಿನಿಂದ ಹಣ್ಣಾಗಲು ಎಂಟು ಒಂಬತ್ತು ತಿಂಗಳು ಗಿಡದಲ್ಲಿಯೇ ಇರುತ್ತದೆ, ಅಷ್ಟೂ ದಿನ ಅಷ್ಟೂ ರಾತ್ರಿ ಆ ಒಂದು ಡಿಗ್ರಿ ಕೆಲಸ ಮಾಡುತ್ತಲೇ ಇರುತ್ತದೆ. ಹಗಲು ಎಲೆಗಳು ಬಿಸಿಲಿನಿಂದ ಕಟ್ಟಿದ ಸಕ್ಕರೆಯಲ್ಲಿ ಒಂದು ಪಾಲನ್ನು ಗಿಡ ತನ್ನ ಉಸಿರಾಟಕ್ಕೆ ಖರ್ಚು ಮಾಡುತ್ತದೆ. ರಾತ್ರಿ ಬೆಚ್ಚಗಿದ್ದಷ್ಟೂ ಈ ಖರ್ಚು ಹೆಚ್ಚು, ತಂಪಾಗಿದ್ದಷ್ಟೂ ಕಡಿಮೆ. ತಂಪಿನಲ್ಲಿ ಕಾಯಿ ನಿಧಾನವಾಗಿ ಬಲಿಯುವುದರಿಂದ ಬೀಜ ತುಂಬಿಕೊಳ್ಳಲು ಸಮಯ ಸಿಗುತ್ತದೆ. ಹುರಿಯುವಾಗ ಬೀಜದೊಳಗಿನ ಸಕ್ಕರೆಯ ಬಹುಪಾಲು ಒಡೆದು ಕಂದು ಬಣ್ಣವನ್ನೂ ಪರಿಮಳವನ್ನೂ ಒಂದಿಷ್ಟು ಹುಳಿಯನ್ನೂ ಕೊಡುತ್ತದೆ. ಹಾಗಾಗಿ ಹಸಿ ಬೀಜದಲ್ಲಿ ಕೂಡಿಟ್ಟದ್ದು ಹೆಚ್ಚಿದ್ದಷ್ಟೂ ಹುರಿದ ಬೀಜದ ಪರಿಮಳಕ್ಕೆ ಬಂಡವಾಳ ಹೆಚ್ಚು.

ಹಿಂದೂ ಮಹಾಸಾಗರದ ರೀಯೂನಿಯನ್ ದ್ವೀಪದಲ್ಲಿ ಒಂದೇ ತಳಿಯ ಅರೇಬಿಕಾವನ್ನು ಬೇರೆ ಬೇರೆ ಹವೆಯ ತಾಕುಗಳಲ್ಲಿ ಬೆಳೆದು ರುಚಿ ನೋಡಿದ ಒಂದು ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಬೀಜ ಬಲಿಯುವ ಕಾಲದ ಸರಾಸರಿ ತಾಪಮಾನವೇ ರುಚಿಯನ್ನು ಹೆಚ್ಚಾಗಿ ನಿರ್ಧರಿಸುತ್ತದೆ ಎಂಬುದು ಅದರ ಮುಖ್ಯ ಫಲಿತಾಂಶ. ತಂಪು ತಾಕುಗಳ ಕಾಫಿಯಲ್ಲಿ ಹುಳಿಯೂ ಹಣ್ಣಿನ ಗುಣವೂ ಎದ್ದು ಕಂಡರೆ, ಸೆಕೆ ಮತ್ತು ಬಿಸಿಲು ಹೆಚ್ಚಿದ್ದ ಕಡೆಯ ಕಾಫಿಯಲ್ಲಿ ಹಸಿಕಾಯಿಯ ವಾಸನೆ, ಮಣ್ಣಿನ ವಾಸನೆಯಂಥ ದೋಷಗಳು ಕಂಡವು. ಮಲೆನಾಡಿನ ಬೆಳೆಗಾರರಿಗೆ ಇದು ಹೊಸ ಸಂಗತಿಯಲ್ಲ. ಆದರೆ ಅವರು ಇದರ ಜೊತೆಗೆ ಇನ್ನೊಂದು ಮಾತನ್ನೂ ಹೇಳುತ್ತಾರೆ: ಗಾಳಿಯಿಲ್ಲದ ಚಳಿಗಾಲದ ರಾತ್ರಿಗಳಲ್ಲಿ ತಣ್ಣನೆಯ ಗಾಳಿ ಇಳಿಜಾರಿನಲ್ಲಿ ಜಾರಿ ಬಂದು ಹಳ್ಳದಲ್ಲಿ ನಿಲ್ಲುತ್ತದೆ, ಆಗ ಗುಡ್ಡದ ನೆತ್ತಿಗಿಂತ ತಗ್ಗೇ ಹೆಚ್ಚು ಕೊರೆಯುತ್ತದೆ. ಮೀಟರಿನ ಲೆಕ್ಕ ಒಂದೇ ತೋಟದೊಳಗೂ ಕೆಲವು ರಾತ್ರಿ ತಲೆಕೆಳಗಾಗುತ್ತದೆ ಎಂದಾಯಿತು.

ಈ ಲೆಕ್ಕ ಇನ್ನೂ ದೊಡ್ಡದಾಗಿ ತಪ್ಪುವುದು ಒಂದು ಸೀಮೆಯ ಎತ್ತರವನ್ನು ಇನ್ನೊಂದು ಸೀಮೆಯ ಎತ್ತರದೊಡನೆ ಹೋಲಿಸಿದಾಗ. ಹವಾಯಿಯ ಕೋನಾ ಕಾಫಿ 200ರಿಂದ 900 ಮೀಟರಿನೊಳಗೆ ಬೆಳೆಯುತ್ತದೆ. ಚಿಕ್ಕಮಗಳೂರಿನ ಲೆಕ್ಕದಲ್ಲಿ ಅದು ತಗ್ಗಿನಲ್ಲಿ ಬೆಳೆಯುವ ಇನ್ನೊಂದು ಕಾಫಿ ಜಾತಿಯಾದ ರೊಬಸ್ಟಾದ ಜಾಗ. ಆದರೆ ಕೋನಾ ಇರುವುದು ಭೂಮಧ್ಯರೇಖೆಯಿಂದ ಸುಮಾರು 20 ಡಿಗ್ರಿ ಉತ್ತರಕ್ಕೆ, ಅಲ್ಲಿಗೆ ಬೇಕಾದ ತಂಪು ಕಡಿಮೆ ಎತ್ತರದಲ್ಲಿಯೇ ಸಿಗುತ್ತದೆ. ಕೊಲಂಬಿಯಾದ ನರಿಞೊ ಪ್ರಾಂತ ಭೂಮಧ್ಯರೇಖೆಗೆ ಅಂಟಿಕೊಂಡಂತಿದೆ. ಅಲ್ಲಿ 2,000 ಮೀಟರ್ ಮೇಲೆಯೂ ಕಾಫಿ ಹಿಮದ ಭಯವಿಲ್ಲದೆ ಬೆಳೆಯುತ್ತದೆ. ಇದಕ್ಕೆ ವಿರುದ್ಧ ತುದಿಯಲ್ಲಿ ಬ್ರೆಜಿಲ್‌ನ ದಕ್ಷಿಣದ ಪರಾನಾ ರಾಜ್ಯವಿದೆ. 1975ರ ಜುಲೈಯಲ್ಲಿ ಬಿದ್ದ ಹಿಮ ಅಲ್ಲಿನ ಕಾಫಿ ಗಿಡಗಳನ್ನು ಸುಟ್ಟು ಹಾಕಿತು, ಆ ರಾಜ್ಯ ಕಾಫಿಯಲ್ಲಿ ತನ್ನ ಹಿಂದಿನ ಸ್ಥಾನಕ್ಕೆ ಮತ್ತೆ ಬರಲೇ ಇಲ್ಲ. ನಮ್ಮ ದೇಶದಲ್ಲಿಯೇ ನೋಡುವುದಾದರೆ ಬಾಬಾಬುಡನ್‌ಗಿರಿ ಸುಮಾರು 13 ಡಿಗ್ರಿ ಅಕ್ಷಾಂಶದಲ್ಲಿದೆ, ಆಂಧ್ರದ ಅರಕು ಕಣಿವೆ 18 ಡಿಗ್ರಿಯಲ್ಲಿದೆ. ಅರಕುವಿನ ತೋಟಗಳು ಸಾವಿರ ಮೀಟರಿನ ಆಸುಪಾಸಿನಲ್ಲಿದ್ದರೂ ಅಲ್ಲಿನ ಚಳಿಗಾಲ ಚಿಕ್ಕಮಗಳೂರಿನದಕ್ಕಿಂತ ತೀಕ್ಷ್ಣ. ಅದೇ ಬೆಟ್ಟಸಾಲಿನ ಲಂಬಸಿಂಗಿಯಲ್ಲಿ ತಾಪಮಾನ ಸೊನ್ನೆಯ ಹತ್ತಿರಕ್ಕೆ ಇಳಿದ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಅರಕುವಿನ 1,000 ಮೀಟರನ್ನು ಮೂಡಿಗೆರೆಯ 1,000 ಮೀಟರಿನ ಪಕ್ಕದಲ್ಲಿಟ್ಟು ತೂಗಲಾಗದು.

ಹಾಗಾದರೆ ಮಹಾಬಳೇಶ್ವರದಲ್ಲಿ ಕಾಫಿ ಯಾಕಿಲ್ಲ ಎಂಬ ಪ್ರಶ್ನೆ ಮುಂಬಯಿ, ಪುಣೆಯ ಕಾಫಿಪ್ರಿಯರಿಗೆ ಬರಲೇಬೇಕು. ಎತ್ತರ ಸುಮಾರು 1,350 ಮೀಟರ್, ಅಕ್ಷಾಂಶ ಅರಕುವಿನದೇ, ಇರುವುದು ಮಲೆನಾಡಿನಂತೆಯೇ ಪಶ್ಚಿಮ ಘಟ್ಟದಲ್ಲಿ. ಸ್ಟ್ರಾಬೆರಿ ಬೆಳೆಯುವಷ್ಟು ತಂಪೂ ಇದೆ. ನನ್ನ ತಿಳಿವಳಿಕೆಯ ಮಟ್ಟಿಗೆ ಉತ್ತರವಿರುವುದು ಮಳೆಯ ಪ್ರಮಾಣಕ್ಕಿಂತ ಅದು ಬರುವ ತಿಂಗಳುಗಳಲ್ಲಿ. ಮಹಾಬಳೇಶ್ವರದಲ್ಲಿ ವರ್ಷಕ್ಕೆ 5,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ, ಆದರೆ ಬಹುತೇಕ ಎಲ್ಲವೂ ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಉಳಿದ ಎಂಟು ತಿಂಗಳು ಒಣ ಒಣ. ಕಾಫಿಗೆ ಬೇಕಾದದ್ದು ಬೇರೆಯೇ ಒಂದು ಮಳೆ. ಮಲೆನಾಡಿನವರು ಅದನ್ನು ಹೂಮಳೆ ಎನ್ನುತ್ತಾರೆ. ಡಿಸೆಂಬರ್‌ನಿಂದ ಫೆಬ್ರುವರಿಯವರೆಗೆ ಮೊಗ್ಗುಗಳು ಒಣ ಹವೆಯಲ್ಲಿ ಸುಮ್ಮನೆ ಕಾಯುತ್ತಿರುತ್ತವೆ. ಮಾರ್ಚ್, ಏಪ್ರಿಲ್‌ನಲ್ಲಿ ಒಂದು ಇಂಚಿನಷ್ಟು ಮಳೆ ಒಮ್ಮೆಗೇ ಬಿದ್ದರೆ ಎಂಟು ಹತ್ತು ದಿನಗಳಲ್ಲಿ ಇಡೀ ಗುಡ್ಡ ಬಿಳಿಯಾಗಿ, ಮಲ್ಲಿಗೆಯನ್ನು ನೆನಪಿಸುವ ವಾಸನೆ ರಸ್ತೆಯವರೆಗೂ ಬರುತ್ತದೆ. ಎರಡು ಮೂರು ವಾರ ಬಿಟ್ಟು ಇನ್ನೊಂದು ಮಳೆಯಾದರೆ ಕಾಯಿ ಕಚ್ಚಿ ನಿಲ್ಲುತ್ತದೆ. ಈ ಎರಡು ಮಳೆಗಳು ಕೊಡಗು, ಚಿಕ್ಕಮಗಳೂರು, ಹಾಸನದ ಮಲೆನಾಡಿಗೆ ಸಾಮಾನ್ಯವಾಗಿ ಸಿಗುತ್ತವೆ. ಮಹಾಬಳೇಶ್ವರ ಅವುಗಳನ್ನು ನೆಚ್ಚಿಕೊಳ್ಳುವಂತಿಲ್ಲ. ಮಹಾರಾಷ್ಟ್ರದಲ್ಲಿ ಕಾಫಿ ಕಾಣಬೇಕೆಂದರೆ ಘಟ್ಟವನ್ನು ಬಿಟ್ಟು ವಿದರ್ಭದ ಚಿಖಲದರಾಕ್ಕೆ, ಸಾತ್ಪುಡಾ ಬೆಟ್ಟಗಳಿಗೆ ಹೋಗಬೇಕು. ಅಲ್ಲಿ ಸುಮಾರು 1,100 ಮೀಟರ್ ಎತ್ತರದಲ್ಲಿ ಬ್ರಿಟಿಷರ ಕಾಲದಿಂದ ಉಳಿದುಬಂದ ಅಲ್ಪಸ್ವಲ್ಪ ಕಾಫಿ ಇದೆ.

ಹೂಮಳೆಗೂ ರುಚಿಗೂ ಏನು ಸಂಬಂಧ ಎನಿಸಬಹುದು. ಮಳೆ ಒಮ್ಮೆಗೇ ಬಂದರೆ ಹೂವೂ ಒಮ್ಮೆಗೇ, ಹಣ್ಣೂ ಹೆಚ್ಚುಕಡಿಮೆ ಒಟ್ಟಿಗೇ. ಅದೇ ಮಳೆ ಚೂರು ಚೂರಾಗಿ ಮೂರು ನಾಲ್ಕು ಕಂತುಗಳಲ್ಲಿ ಬಂದರೆ ಒಂದೇ ಗೊಂಚಲಿನಲ್ಲಿ ಒಣಗಿದ ಹಣ್ಣು, ಕೆಂಪು ಹಣ್ಣು, ದೋರೆಗಾಯಿ, ಹಸಿರು ಕಾಯಿ ಎಲ್ಲವೂ ಇರುತ್ತವೆ. ಕೂಲಿಯ ಖರ್ಚು ತಡೆಯಲಾರದೆ ಬೆಳೆಗಾರ ಎಲ್ಲವನ್ನೂ ಒಟ್ಟಿಗೆ ಉದುರಿಸಿದರೆ ಆ ಹಸಿರು ಕಾಯಿಗಳು ಲೋಟದಲ್ಲಿ ಒಗರಾಗಿ, ಒರಟಾಗಿ ಎದ್ದು ಕಾಣುತ್ತವೆ. 1,400 ಮೀಟರಿನ ಹೆಮ್ಮೆಯನ್ನು ಒಂದು ಹಿಡಿ ಹಸಿರು ಕಾಯಿ ಹಾಳು ಮಾಡಬಲ್ಲುದು. ಮುಂಬಯಿಗೆ ಏಪ್ರಿಲ್‌ನಲ್ಲಿ ಹನಿ ಮಳೆಯೂ ಬರುವುದಿಲ್ಲ, ಆದರೂ ನಮ್ಮ ಮನೆಯಲ್ಲಿ ಆ ತಿಂಗಳು ಅಮ್ಮ ತಮ್ಮನಿಗೆ ಫೋನ್ ಮಾಡಿದಾಗ ಮೊದಲು ಕೇಳುವುದು “ಮಳೆ ಆಯ್ತೇನೋ?” ಎಂದೇ, ಆರೋಗ್ಯದ ಮಾತೆಲ್ಲ ಆಮೇಲೆ. ಕೀನ್ಯಾ, ಕೊಲಂಬಿಯಾಗಳಂಥ ಭೂಮಧ್ಯರೇಖೆಯ ಸೀಮೆಗಳಲ್ಲಿ ವರ್ಷಕ್ಕೆ ಎರಡು ಮಳೆಗಾಲ, ಹೂವು ಹಲವು ಸಲ, ಕೊಯ್ಲು ಎರಡು. ಅಲ್ಲಿನವರು ಹಣ್ಣನ್ನು ಒಂದೊಂದಾಗಿ ಆರಿಸಿ ಕೊಯ್ಯುವುದನ್ನು ಹವೆಯೇ ಕಡ್ಡಾಯ ಮಾಡಿದೆ.

ನಮ್ಮ ಸೀಮೆಯ ಕಾಫಿಗೆ ಹೊರಗಿನವರಿಗೆ ಸುಲಭವಾಗಿ ಕಾಣದ ಇನ್ನೊಂದು ಎತ್ತರವಿದೆ, ಅದು ಮರಗಳದ್ದು. ಬ್ರೆಜಿಲ್‌ನ ಬಹುಪಾಲು ತೋಟಗಳಲ್ಲಿ ಕಾಫಿ ಬಟಾಬಯಲಿನ ಬಿಸಿಲಲ್ಲಿ ಸಾಲಾಗಿ ನಿಂತಿರುತ್ತದೆ. ಮಲೆನಾಡಿನಲ್ಲಿ ಮೇಲೆ ಅತ್ತಿ, ಹಲಸು, ನಂದಿ, ಸಿಲ್ವರ್ ಓಕ್, ಅವುಗಳ ಕೆಳಗೆ ಹಾಲುವಾಣ, ಅದರ ಕೆಳಗೆ ಕಾಫಿ. ಮರಗಳ ಬೊಡ್ಡೆಗೆ ಕರಿಮೆಣಸಿನ ಬಳ್ಳಿ. ಈ ನೆರಳು ಹಗಲಿನ ಸೆಕೆಯನ್ನು ತಡೆದು ಕಾಯಿಯನ್ನು ನಿಧಾನವಾಗಿ ಬಲಿಯುವಂತೆ ಮಾಡುತ್ತದೆ, ಅಂದರೆ ಗುಡ್ಡವನ್ನು ಒಂದಿಷ್ಟು ಮೀಟರ್ ಮೇಲಕ್ಕೆತ್ತಿದ ಫಲವೇ ಸಿಗುತ್ತದೆ. ಕಾಫಿಯ ಪಕ್ಕ ಮೆಣಸು, ಏಲಕ್ಕಿ, ಕಿತ್ತಳೆ ಬೆಳೆಯುವುದರಿಂದ ಅವುಗಳ ವಾಸನೆ ಕಾಫಿ ಬೀಜಕ್ಕೆ ಇಳಿಯುತ್ತದೆ ಎಂದು ಕೆಲವು ಪೊಟ್ಟಣಗಳ ಮೇಲೆ ಬರೆದಿರುತ್ತಾರಲ್ಲ, ಅದನ್ನು ನಾನು ನಂಬುವುದಿಲ್ಲ. ಬೇರು ಹೀರುವುದು ನೀರು ಮತ್ತು ಲವಣಗಳನ್ನು, ಏಲಕ್ಕಿಯ ಪರಿಮಳವನ್ನಲ್ಲ. ಎಸ್. 795ರಲ್ಲಿ ಒಂದು ಬಗೆಯ ಮಸಾಲೆಯ ಛಾಯೆ ಇರುವುದುಂಟು. ಅದು ತಳಿಯ ಗುಣ. ಮರಗಸಿ ಮಾಡುವ ಹೊತ್ತಿನಲ್ಲಿ ಎಷ್ಟು ಕೊಂಬೆ ಉಳಿಸಬೇಕು, ಎಷ್ಟು ಬೆಳಕು ಬಿಡಬೇಕು ಎಂದು ಮಾವ ಮರ ಹತ್ತಿದವನೊಡನೆ ನೆಲದಿಂದ ಕೂಗಾಡುತ್ತ ಮಾಡುವ ಲೆಕ್ಕಾಚಾರಕ್ಕೆ ರುಚಿಯಲ್ಲಿ ಅದಕ್ಕಿಂತ ಹೆಚ್ಚಿನ ಪಾಲಿದೆ ಎಂದು ನನಗೆ ಅನಿಸುತ್ತದೆ. ನೆರಳು ಕಡಿಮೆಯಾದರೆ ಬಿಳಿ ಕಾಂಡಕೊರಕಕ್ಕೆ ಹಬ್ಬ. ಆ ದುಂಬಿ ಬಿಸಿಲು ಬೀಳುವ ಕಾಂಡಗಳನ್ನೇ ಹುಡುಕಿ ತೊಗಟೆಯ ಬಿರುಕುಗಳಲ್ಲಿ ಮೊಟ್ಟೆಯಿಡುತ್ತದೆ. ನೆರಳು ಅತಿಯಾದರೆ ಹೂವೇ ಕಡಿಮೆ.

ರೋಗ ಮತ್ತು ಕೀಟಗಳ ಮಾತು ಬಂದದ್ದರಿಂದ ಹೇಳುತ್ತೇನೆ: ಯಾವ ಎತ್ತರಕ್ಕೆ ಯಾವ ಕಾಫಿ ಎಂಬ ನಮ್ಮ ಇಂದಿನ ನಕ್ಷೆ ರುಚಿಯನ್ನು ನೋಡಿ ಬರೆದದ್ದಲ್ಲ. ಹದಿನೇಳನೆಯ ಶತಮಾನದಲ್ಲಿ ಬಾಬಾ ಬುಡನ್ ಯೆಮನ್‌ನಿಂದ ಏಳು ಬೀಜ ತಂದು ಚಂದ್ರದ್ರೋಣ ಬೆಟ್ಟದಲ್ಲಿ ನೆಟ್ಟರೆಂಬ ಐತಿಹ್ಯದ ಕಾಲದಿಂದ ಬಹುಕಾಲ ಇಲ್ಲಿದ್ದದ್ದು ಅರೇಬಿಕಾ ಒಂದೇ. 1869ರಲ್ಲಿ ಸಿಲೋನಿನಲ್ಲಿ ಕಾಣಿಸಿಕೊಂಡ ಎಲೆ ತುಕ್ಕು ರೋಗ ಕೆಲವೇ ದಶಕಗಳಲ್ಲಿ ಆ ದ್ವೀಪವನ್ನು ಕಾಫಿಯಿಂದ ಚಹಾಕ್ಕೆ ತಿರುಗಿಸಿತು, ಅದೇ ರೋಗ ದಕ್ಷಿಣ ಭಾರತದ ತೋಟಗಳನ್ನೂ ಹಿಡಿಯಿತು. ಬೆಚ್ಚಗಿನ, ತೇವದ, ತಗ್ಗು ಪ್ರದೇಶಗಳಲ್ಲಿ ಅದರ ಹಾವಳಿ ಹೆಚ್ಚು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ರೊಬಸ್ಟಾ ಬಂದು ಆ ತಗ್ಗು ಜಾಗಗಳನ್ನು ತುಂಬಿಕೊಂಡಿತು. ಹೀಗೆ ಸಾವಿರ ಮೀಟರಿನ ಮೇಲೆ ಅರೇಬಿಕಾ, ಕೆಳಗೆ ರೊಬಸ್ಟಾ ಎಂಬ ಗೆರೆ ಬಿತ್ತು. ಕೊಡಗಿನ ಕಾಫಿಯ ಬಹುಪಾಲು ಮತ್ತು ವಯನಾಡಿನ 700ರಿಂದ 900 ಮೀಟರಿನ ಪ್ರಸ್ಥಭೂಮಿಯ ಹೆಚ್ಚುಕಡಿಮೆ ಎಲ್ಲ ಕಾಫಿ ಗೆರೆಯ ಕೆಳಗಿನದು. ರೊಬಸ್ಟಾದಲ್ಲಿ ಕೆಫೀನ್ ಅರೇಬಿಕಾದ ಸುಮಾರು ಎರಡು ಪಟ್ಟು, ಸಕ್ಕರೆ ಮತ್ತು ಎಣ್ಣೆಯ ಅಂಶ ಕಡಿಮೆ, ಕಹಿಯ ಮೂಲವಾದ ಕ್ಲೋರೊಜೆನಿಕ್ ಆಮ್ಲಗಳು ಹೆಚ್ಚು. ರೊಬಸ್ಟಾ ಕಾಯಿ ಹಣ್ಣಾಗಲು ಹತ್ತು ಹನ್ನೊಂದು ತಿಂಗಳು ತೆಗೆದುಕೊಳ್ಳುತ್ತದೆ, ಅರೇಬಿಕಾಗಿಂತಲೂ ನಿಧಾನ. ಆದರೂ ಅದರಲ್ಲಿ ಅರೇಬಿಕಾದ ಹಣ್ಣಿನ ಹುಳಿ ಬರುವುದಿಲ್ಲ. ನಿಧಾನವಾಗಿ ಮಾಗಿದ್ದೆಲ್ಲ ರುಚಿ ಎಂಬ ಸೂತ್ರವನ್ನು ಒಂದು ಜಾತಿಯೊಳಗೆ ಮಾತ್ರ ಬಳಸಬೇಕು.

2019ರಲ್ಲಿ ಕೊಡಗು ಅರೇಬಿಕಾ, ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾ, ಅರಕು ಕಣಿವೆ ಅರೇಬಿಕಾ, ವಯನಾಡು ರೊಬಸ್ಟಾ ಈ ಐದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಒಳ್ಳೆಯದೇ. ಆದರೆ ಸೀಮೆಯ ಹೆಸರು ಒಂದೇ ಆದ ಮಾತ್ರಕ್ಕೆ ಹವೆ ಒಂದೇ ಆಗುವುದಿಲ್ಲ. ಕೊಡಗನ್ನೇ ನೋಡಿ: ಭಾಗಮಂಡಲದ ಕಡೆ ವರ್ಷದ ಮಳೆ 5,000 ಮಿಲಿಮೀಟರ್ ದಾಟುತ್ತದೆ, ನೂರು ಕಿಲೋಮೀಟರ್ ಕೂಡ ದೂರವಿಲ್ಲದ ಕುಶಾಲನಗರಕ್ಕೆ ಬರುವಷ್ಟರಲ್ಲಿ ಘಟ್ಟದ ಮಳೆನೆರಳಿನಲ್ಲಿ ಅದು ಹಲವು ಪಟ್ಟು ಇಳಿದಿರುತ್ತದೆ.

ಇಷ್ಟು ಹೊತ್ತು ಗಿಡದ ಮೇಲಿನ ಹಣ್ಣಿನ ಮಾತಾಯಿತು. ಕೊಯ್ದ ಮೇಲೂ ಹವೆ ಬಿಡುವುದಿಲ್ಲ, ಮತ್ತು ನನ್ನ ಮಟ್ಟಿಗೆ ಈ ವಿಷಯದ ಅತ್ಯಂತ ಸ್ವಾರಸ್ಯಕರ ಭಾಗ ಇದೇ. ಬ್ರೆಜಿಲ್‌ನ ಕೊಯ್ಲಿನ ಕಾಲ ಒಣ ಹವೆಯದು. ಹಾಗಾಗಿ ಅಲ್ಲಿ ಹಣ್ಣನ್ನು ಇಡಿಯಾಗಿಯೇ ಕಣದಲ್ಲಿ ಹರಡಿ ಒಣಗಿಸುವುದು ರೂಢಿಯಾಯಿತು. ಬ್ರೆಜಿಲ್ ಕಾಫಿಯ ಕಡಲೆಕಾಯಿ, ಚಾಕೊಲೇಟಿನಂಥ ಗುಣಕ್ಕೂ ಕಡಿಮೆ ಹುಳಿಗೂ ಅದರ ಸಾಧಾರಣ ಎತ್ತರದಷ್ಟೇ ಈ ಒಣಗಿಸುವ ರೀತಿಯೂ ಕಾರಣ. ಯೆಮನ್‌ನಲ್ಲಿ ನೀರಿಗೇ ಬರ. ಅಲ್ಲಿ ಮನೆಯ ಮಾಳಿಗೆಗಳ ಮೇಲೆ ಹಣ್ಣು ಒಣಗುತ್ತದೆ. ಸುಮಾತ್ರಾದಲ್ಲಿ ಮೋಡ, ಮಳೆ ಬಿಡುವೇ ಕೊಡದಿರುವುದರಿಂದ ಬೀಜ ಪೂರ್ತಿ ಒಣಗುವ ಮೊದಲೇ, ಇನ್ನೂ ಮೆತ್ತಗಿರುವಾಗಲೇ ಪಾರ್ಚ್‌ಮೆಂಟ್ ಸಿಪ್ಪೆಯನ್ನು ಬಿಡಿಸುವ ಗಿಲಿಂಗ್ ಬಾಸಾ ಎಂಬ ಪದ್ಧತಿ ಬೆಳೆಯಿತು. ಸುಮಾತ್ರಾ ಕಾಫಿಯ ಮಣ್ಣು, ಹಸಿಮರದ ವಾಸನೆ ಹುಟ್ಟುವುದು ಹೀಗೆ. ಚಿಕ್ಕಮಗಳೂರಿನಲ್ಲಿ ಹಳ್ಳದ ನೀರೂ ಡಿಸೆಂಬರ್‌ನ ಬಿಸಿಲೂ ಎರಡೂ ಇದ್ದುದರಿಂದ ಹಣ್ಣನ್ನು ಪಲ್ಪ್ ಮಾಡಿ, ಅಂದರೆ ಹೊರಸಿಪ್ಪೆ ಸುಲಿದು, ತೊಳೆದು, ಒಣಗಿಸಿದ ‘ಪ್ಲಾಂಟೇಶನ್’ ಕಾಫಿ ಸಾಧ್ಯವಾಯಿತು.

ಎತ್ತರದ ಲೆಕ್ಕವನ್ನೇ ಅಡಿಮೇಲು ಮಾಡುವ ಕಾಫಿಯಾದರೋ ಸಮುದ್ರಮಟ್ಟದಲ್ಲಿ, ಕಾಫಿ ಬೀಜವನ್ನು ಹದಗೊಳಿಸಿ ವಿಂಗಡಿಸುವ ಮಂಗಳೂರಿನ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ತಯಾರಾಗುತ್ತದೆ. ಹಾಯಿಹಡಗುಗಳ ಕಾಲದಲ್ಲಿ ಮಲಬಾರ್ ತೀರದಿಂದ ಹೊರಟ ಕಾಫಿ ಗುಡ್‌ಹೋಪ್ ಭೂಶಿರವನ್ನು ಸುತ್ತಿ ಯುರೋಪನ್ನು ತಲುಪಲು ತಿಂಗಳುಗಳೇ ಹಿಡಿಯುತ್ತಿದ್ದವು. ಮರದ ಹಡಗಿನ ಹೊಟ್ಟೆಯಲ್ಲಿ ಸಮುದ್ರದ ತೇವ ಹೀರಿದ ಬೀಜ ಊದಿಕೊಂಡು, ಹಸಿರು ಕಳೆದು, ಒಣಹುಲ್ಲಿನ ಬಣ್ಣಕ್ಕೆ ತಿರುಗಿ, ಹುಳಿಯಿಲ್ಲದ ಬೇರೆಯೇ ರುಚಿಯೊಂದಿಗೆ ಇಳಿಯುತ್ತಿತ್ತು. 1869ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲೆ, ಉಗಿಹಡಗುಗಳು ಬಂದ ಮೇಲೆ ಪಯಣ ಚಿಕ್ಕದಾಯಿತು. ಹಳೆಯ ರುಚಿಗೆ ಒಗ್ಗಿದ್ದ ಯುರೋಪಿನ ಗಿರಾಕಿಗಳಿಗೆ ಹಸಿರಾಗಿಯೇ ಬಂದಿಳಿದ ಬೀಜ ಹಿಡಿಸಲಿಲ್ಲ. ಆಮೇಲೆ ಅದೇ ಬದಲಾವಣೆಯನ್ನು ದಡದಲ್ಲಿಯೇ ಬೇಕೆಂದು ಮಾಡುವ ಪದ್ಧತಿ ಬಂದಿತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಕ್ಕಗಳು ತೆರೆದ ಗೋದಾಮುಗಳಲ್ಲಿ, ಇಡೀ ಹಣ್ಣಾಗಿ ಒಣಗಿಸಿ ಸಿಪ್ಪೆ ಬಿಡಿಸಿದ ಚೆರ್ರಿ ಕಾಫಿಯನ್ನು ನೆಲದ ಮೇಲೆ ಹರಡಿ, ಆಗಾಗ ಎಳೆದಾಡಿ ತಿರುವಿ, ಬಳಿಕ ಗೋಣಿಚೀಲಗಳಲ್ಲಿ ಸಡಿಲವಾಗಿ ತುಂಬಿ, ನಡುವೆ ಗಾಳಿಯಾಡುವಂತೆ ಅಂತರ ಬಿಟ್ಟು ಪೇರಿಸಿ, ಮತ್ತೆ ಸುರಿದು ಮತ್ತೆ ತುಂಬುತ್ತಾರೆ. ಬೀಜದ ತೇವಾಂಶ ಶೇ. 11ರ ಆಸುಪಾಸಿನಿಂದ ಶೇ. 14ಕ್ಕೆ, 15ಕ್ಕೆ ಏರುತ್ತದೆ. ಇದೇ ಮಾನ್ಸೂನ್ಡ್ ಮಲಬಾರ್. ಬೆಟ್ಟದ ತಂಪು ತಿಂಗಳುಗಟ್ಟಲೆ ಕೂಡಿಟ್ಟ ಹುಳಿಯನ್ನು ಕಡಲ ಗಾಳಿ ಒಂದೇ ಮಳೆಗಾಲದಲ್ಲಿ ಅಳಿಸಿಹಾಕುತ್ತದೆ.

ಮುಂಬಯಿಯ ಜುಲೈಯಲ್ಲಿಯೂ ಅದೇ ಅರಬ್ಬೀ ಸಮುದ್ರದ ಗಾಳಿ ಇದೆಯಲ್ಲ, ಅಡುಗೆಮನೆಯಲ್ಲಿಯೇ ಹಸಿ ಬೀಜವನ್ನು ಹರಡಿಟ್ಟರೆ ಆಗದೇ ಎಂದು ನನ್ನ ನೆರೆಮನೆಯವರೊಬ್ಬರು ಕೇಳಿದ್ದರು. ಆಗದು. ತಿರುವಿ ಗಾಳಿಯಾಡಿಸುವ ಕೈಗಳು ದಿನವೂ ಇಲ್ಲದಿದ್ದರೆ ಸಿಗುವುದು ಬೂಷ್ಟು ಮಾತ್ರ. ಹುರಿದು ಪುಡಿ ಮಾಡಿದ ಕಾಫಿಗಂತೂ ಈ ಊರಿನ ಮಳೆಗಾಲ ಶತ್ರುವೇ ಸರಿ. ಅದಕ್ಕಾಗಿ ಜೂನ್‌ನಿಂದ ನಾನು ವಾರಕ್ಕಾಗುವಷ್ಟನ್ನು ಮಾತ್ರ ಪುಡಿ ಮಾಡಿಸುತ್ತೇನೆ.

ಒಂದು ಭಾನುವಾರ ಬಾಬಾಬುಡನ್‌ಗಿರಿಯ ಅರೇಬಿಕಾ, ಅರಕುವಿನ ಅರೇಬಿಕಾ, ಮಾನ್ಸೂನ್ಡ್ ಮಲಬಾರ್ ಈ ಮೂರನ್ನು ಹಾಲು, ಸಕ್ಕರೆ, ಚಿಕೋರಿ ಯಾವುದೂ ಇಲ್ಲದೆ ಒಂದೇ ಅಳತೆಯ ಬಿಸಿನೀರಿನಲ್ಲಿ ಇಳಿಸಿ, ಮನೆಯವರ ಮುಂದೆ ಸಾಲಾಗಿ ಇಟ್ಟೆ. ಬಾಬಾಬುಡನ್‌ಗಿರಿಯದು ಬಿಸಿಯಿದ್ದಾಗ ಮಾಮೂಲಿ ಎನಿಸಿತು, ಉಗುರುಬೆಚ್ಚಗಾಗುತ್ತಿದ್ದಂತೆ ಕಿತ್ತಳೆ ಸಿಪ್ಪೆಯಂಥ ಒಂದು ತೆಳು ಹುಳಿ ನಾಲಗೆಯ ಅಂಚಿನಲ್ಲಿ ಏಳತೊಡಗಿತು. ಅರಕುವಿನದರ ಹುಳಿ ಇನ್ನೂ ಚುರುಕು, ಹಿಂದೆ ಬೆಲ್ಲದ ಸಿಹಿ. ಮಾನ್ಸೂನ್ಡ್ ಮಲಬಾರ್‌ನಲ್ಲಿ ಹುಳಿಯ ಸುಳಿವೇ ಇಲ್ಲ. ಭಾರವಾಗಿ, ದುಂಡಗೆ, ಹಳೆಯ ಮರದ ಪೆಟ್ಟಿಗೆಯ ವಾಸನೆಯೊಂದಿಗೆ ಬಾಯಿ ತುಂಬಿಕೊಂಡಿತು. ಅಮ್ಮ ಮೂರನ್ನೂ ಒಂದೊಂದು ಗುಟುಕು ಕುಡಿದು, “ಇದರಲ್ಲಿ ಯಾವುದಕ್ಕಾದರೂ ಹಾಲು ಹಾಕೇ” ಎಂದರು.

ಅವರು ಹೇಳಿದ್ದರಲ್ಲಿ ಅರ್ಥವಿದೆ. ಗಟ್ಟಿ ಡಿಕಾಕ್ಷನ್‌ಗೆ ಕಾಯಿಸಿದ ಹಾಲು, ಸಕ್ಕರೆ ಬೆರೆತಾಗ 1,500 ಮೀಟರಿನ ನಾಜೂಕು ಹುಳಿ ಎಲ್ಲಿಯೋ ಕರಗಿ ಹೋಗುತ್ತದೆ, ಚಿಕೋರಿ ಸೇರಿದರೆ ಕೇಳುವುದೇ ಬೇಡ. ಹಾಲಿನ ಕಾಫಿಗೆ ಬೇಕಾದದ್ದು ಕಸುವು. ಅದನ್ನು ಕೊಡುವುದು ಚೆನ್ನಾಗಿ ಸಂಸ್ಕರಿಸಿದ ಕೊಡಗಿನ ಅಥವಾ ವಯನಾಡಿನ ರೊಬಸ್ಟಾ. ಪರಿಮಳಕ್ಕೆ ಮಧ್ಯಮ ಎತ್ತರದ ಅರೇಬಿಕಾ ಸಾಕು. ಹೆಚ್ಚು ಬೆಲೆ ಕೊಟ್ಟು ಅತಿ ಎತ್ತರದ ಕಾಫಿ ತಂದು ಅದಕ್ಕೆ ಚಿಕೋರಿ ಹಾಕಿಸುವವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಕುಡಿಯುವವರ ಊರಿನ ಎತ್ತರಕ್ಕೂ ಇಲ್ಲಿ ಸಣ್ಣದೊಂದು ಪಾತ್ರವಿದೆ: ಮುಂಬಯಿಯಲ್ಲಿ ನೀರು ಕುದಿಯುವುದು 100 ಡಿಗ್ರಿಯಲ್ಲಿ, ಪುಣೆಯಲ್ಲಿ ಸುಮಾರು 98ರಲ್ಲಿ, ಚಿಕ್ಕಮಗಳೂರಿನಲ್ಲಿ 97ಕ್ಕೂ ಒಳಗೆ. ಕುದಿಯುವ ನೀರನ್ನು ನೇರವಾಗಿ ಫಿಲ್ಟರ್‌ಗೆ ಸುರಿಯುವ ಅಭ್ಯಾಸ ಊರಿನಲ್ಲಿ ಸರಿಹೋದರೂ ಇಲ್ಲಿ ಅರ್ಧ ನಿಮಿಷ ಕಾದು ಸುರಿದರೆ ಕಹಿ ಕಡಿಮೆ ಇಳಿಯುತ್ತದೆ.

ಈ ಹವೆಯೇ ಈಗ ನೆಚ್ಚುವಂತಿಲ್ಲ. 2021ರ ನವೆಂಬರ್‌ನಲ್ಲಿ, ಕಣದಲ್ಲಿ ಹಣ್ಣು ಒಣಗಬೇಕಾದ ಹೊತ್ತಿನಲ್ಲಿ, ಮಲೆನಾಡಿನಲ್ಲಿ ಮಳೆಗಾಲದಂತೆ ಮಳೆ ಹೊಯ್ದು ಗಿಡದಲ್ಲಿಯೇ ಹಣ್ಣು ಬಿರಿದು ಉದುರಿತು. ಬಿಸಿಲು ಹೆಚ್ಚಿದ ವರ್ಷಗಳಲ್ಲಿ ಕಾಂಡಕೊರಕವೂ ಹೆಚ್ಚುತ್ತದೆ. ಬಿಸಿ ಹೆಚ್ಚಾದರೆ ಕಾಫಿಯನ್ನು ಇನ್ನೂ ಮೇಲಕ್ಕೆ ಒಯ್ದರಾಯಿತು ಎಂದು ಆಫ್ರಿಕಾದ, ದಕ್ಷಿಣ ಅಮೆರಿಕದ ದೊಡ್ಡ ಪರ್ವತಗಳನ್ನು ನೋಡಿ ಹೇಳಬಹುದು. ಕರ್ನಾಟಕದ ಅತಿ ಎತ್ತರದ ಶಿಖರವಾದ ಮುಳ್ಳಯ್ಯನಗಿರಿಯೇ 1,930 ಮೀಟರ್. ತೋಟಗಳ ಅಂಚು ಮುಗಿದ ಮೇಲೆ ಇರುವುದು ಶೋಲಾ ಕಾಡು ಮತ್ತು ಹುಲ್ಲುಗಾವಲು, ಅದನ್ನು ಮುಟ್ಟುವಂತಿಲ್ಲ, ಮುಟ್ಟಲೂಬಾರದು. ನಮ್ಮ ಬೆಳೆಗಾರರಿಗೆ ಉಳಿದಿರುವುದು ನೆರಳನ್ನು ಕಾಪಾಡಿಕೊಳ್ಳುವುದು, ತಳಿ ಬದಲಿಸುವುದು, ಇಲ್ಲವೇ ಅರೇಬಿಕಾ ಇದ್ದಲ್ಲಿ ರೊಬಸ್ಟಾ ನೆಡುವುದು.

ಮಾವ ಮೂರನೆಯದನ್ನು ಆರಿಸಿಕೊಂಡಿದ್ದಾರೆ. ಕಾಂಡಕೊರಕ ತಿಂದ ಗಿಡಗಳನ್ನು ವರ್ಷವರ್ಷವೂ ಕಿತ್ತು ಸುಟ್ಟು ಸಾಕಾಗಿ, ಕೆಳಗಿನ ತುಂಡಿನ ಎಸ್. 795 ಗಿಡಗಳನ್ನು ಪೂರ್ತಿ ತೆಗೆಸಿ ರೊಬಸ್ಟಾ ಸಸಿ ಹಾಕಿಸಿದರು. ಮೇಲಿನ ತುಂಡು ಹಾಗೆಯೇ ಇದೆ. “ಅದು ನನ್ನ ಕಾಲ ಇರೋವರೆಗೂ ಅರೇಬಿಕಾನೇ” ಎಂದಿದ್ದಾರೆ. ರೊಬಸ್ಟಾ ಸಸಿಗಳು ಸರಿಯಾದ ಫಸಲಿಗೆ ಬರಲು ಮೂರು ನಾಲ್ಕು ವರ್ಷ ಬೇಕು. ಅಲ್ಲಿಯ ತನಕ ಕೆಳಗಿನ ತುಂಡಿನಿಂದ ನಮ್ಮ ಮನೆಗೆ ಬರುವುದು ಕರಿಮೆಣಸು ಮಾತ್ರ.